ಓಮನ ನಿಯಮವೂ ತುಮಕೂರು ಸೀಮೆಯೂ

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾನದಿಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯದಲ್ಲಿ ತಂಗಿ, ಮದ್ದೂರು ಮಳವಳ್ಳಿಗಳ ಸೀಮೆಯನ್ನು ದಾಟಿ, ಕಡೆಗೆ ಶಿವನಸಮುದ್ರದ ಆಸುಪಾಸಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ನದಿಯ ನೀರನ್ನೂ ಇದರಂಥ ಹಳ್ಳಕೊಳ್ಳಗಳ ನೀರನ್ನೂ ಕಟ್ಟಿ ನಿಲ್ಲಿಸಿ ಬಾಳಿದ ತುಮಕೂರು ಸೀಮೆಯ ಒಕ್ಕಲುಮಕ್ಕಳಿಗೆ ಒಂದು ಲೆಕ್ಕವು ತಲೆತಲಾಂತರದಿಂದ ತಿಳಿದುಬಂದಿದೆ. ಕೆರೆಯಲ್ಲಿ ನೀರು ಎತ್ತರವಾಗಿ ನಿಂತಿದ್ದರೆ ತೂಬಿನಿಂದ ಹೊರಡುವ ನೀರಿಗೆ ರಭಸವು ಹೆಚ್ಚು. ಕಾಲುವೆಯು ಕಿರಿದಾಗಿ, ಉದ್ದವಾಗಿ, ಹೂಳು ತುಂಬಿದ್ದರೆ ಕೊನೆಯ ಗದ್ದೆಗೆ ಮುಟ್ಟುವ ನೀರು ಕಡಿಮೆ. ಮೇಲಿನ ಗದ್ದೆಯವರೆಲ್ಲರೂ ಒಟ್ಟಿಗೆ ಮಡೆ ತೆರೆದರೆ ಕೊನೆಯವನ ಪಾಲಿಗೆ ಉಳಿಯುವುದು ಕೆಸರು. ನೀರುಗಂಟಿಯಾದವನು ಈ ಲೆಕ್ಕವನ್ನು ಕಾಗದದ ಮೇಲೆ ಬರೆಯದೆಯೇ ಬಲ್ಲನು.

ಶಿಂಷೆಯು ಕಾವೇರಿಯನ್ನು ಸೇರುವ ಆ ಪ್ರದೇಶದಲ್ಲಿಯೇ 1902ರಲ್ಲಿ ಮೈಸೂರು ಸಂಸ್ಥಾನದ ಜಲವಿದ್ಯುಚ್ಛಕ್ತಿಯು ಹುಟ್ಟಿ, ಕಾಲಕ್ರಮದಲ್ಲಿ ಊರೂರಿಗೆ ಹಬ್ಬಿತು. ಈ ಶಕ್ತಿಯ ನಡೆಯನ್ನು ಆಳುವ ನಿಯಮವು ನೀರುಗಂಟಿಯ ಲೆಕ್ಕಕ್ಕೆ ಬಹಳ ಹತ್ತಿರವಾದುದು. ಬರೆದು ನೋಡಿದರೆ ಒಂದು ಸಣ್ಣ ಭಾಗಾಕಾರ. ಆದರೆ ಯಾವ ಊರಿಗೆ ಬೆಳಕು ಮೊದಲು ಬಂದಿತು, ಯಾವ ಊರು ಕಾಯಬೇಕಾಯಿತು, ಯಾರ ಮನೆಯ ದೀಪವು ಪ್ರಕಾಶಿಸಿತು, ಯಾರ ತೋಟದ ಯಂತ್ರವು ಸುಟ್ಟುಹೋಯಿತು ಎಂಬ ಸಂಗತಿಗಳಲ್ಲೆಲ್ಲ ಈ ಭಾಗಾಕಾರದ ಕೈವಾಡವು ದೊಡ್ಡದು. ಆದುದರಿಂದ ಅದರ ಚರಿತ್ರೆಯು ವಿಜ್ಞಾನಶಾಲೆಯ ಗೋಡೆಗಳೊಳಗೆ ಮುಗಿಯತಕ್ಕುದಲ್ಲ.

ಈ ನಿಯಮವನ್ನು ಮೊದಲು ಕಂಡವನು ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್. ಪ್ರವಾಹವನ್ನು ಅಳೆಯುವ ಉಪಕರಣವು ಆಗ ಇನ್ನೂ ಹುಟ್ಟಿರಲಿಲ್ಲವಾಗಿ, ಅವನು ಉಪ್ಪುನೀರು ತುಂಬಿದ ಗಾಜಿನ ನಳಿಗೆಗಳ ಮೂಲಕ ವಿದ್ಯುತ್ತನ್ನು ಹಾಯಿಸಿ, ತನ್ನ ಮೈಗೆ ತಗುಲಿದ ಆಘಾತದ ಹೆಚ್ಚುಕಡಿಮೆಗಳಿಂದಲೇ ಅದನ್ನು ಅಳೆದನು. 1781ರ ಸುಮಾರಿಗೆ ಅವನು ಕಂಡುಕೊಂಡ ಫಲವು ಸರಿಯಾಗಿಯೇ ಇದ್ದಿತು. ಆದರೆ ಅವನು ಅದನ್ನು ಪ್ರಕಟಿಸಲಿಲ್ಲ. ಅವನ ಕೈಬರಹಗಳನ್ನು ಮ್ಯಾಕ್ಸ್‌ವೆಲ್ ಎಂಬ ಮಹಾವಿಜ್ಞಾನಿಯು ಸಂಪಾದಿಸಿ 1879ರಲ್ಲಿ ಹೊರತಂದ ಮೇಲೆಯೇ ಲೋಕಕ್ಕೆ ಅದು ತಿಳಿದುದು. ಅಷ್ಟರೊಳಗೆ ಬೇರೊಬ್ಬನು ಅದೇ ನಿಯಮವನ್ನು ಸ್ವತಂತ್ರವಾಗಿ ಕಂಡು, ಸಾರಿ, ಅದರ ಕಷ್ಟವನ್ನೂ ಕೀರ್ತಿಯನ್ನೂ ಎರಡನ್ನೂ ಅನುಭವಿಸಿದ್ದನು.

ಅವನೇ ಜಾರ್ಜ್ ಸೈಮನ್ ಓಮ್. ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ 1789ರಲ್ಲಿ ಬೀಗ ಮಾಡುವ ಕಸುಬುದಾರನೊಬ್ಬನ ಮಗನಾಗಿ ಹುಟ್ಟಿದ ಈತನು ಕೊಲೋನ್ ನಗರದ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದನು. 1825ರಲ್ಲಿ ಅವನು ಪ್ರಕಟಿಸಿದ ಮೊದಲ ಸೂತ್ರವು ತಪ್ಪಾಗಿತ್ತು. ಆ ಕಾಲದ ವಿದ್ಯುತ್ಕೋಶಗಳ ಬಲವು ಕ್ಷಣಕ್ಷಣಕ್ಕೂ ಕುಗ್ಗುತ್ತಿದ್ದುದೇ ಅದಕ್ಕೆ ಕಾರಣ. ಮರುವರ್ಷ ಅವನು ಕೋಶಗಳನ್ನು ಬಿಟ್ಟು ಬೇರೊಂದು ಉಪಾಯವನ್ನು ಹಿಡಿದನು. ಬಿಸ್ಮತ್ ಮತ್ತು ತಾಮ್ರ ಎಂಬೆರಡು ಲೋಹಗಳನ್ನು ಕೂಡಿಸಿ, ಒಂದು ಕೂಡಿಕೆಯನ್ನು ಕುದಿಯುವ ನೀರಿನ ಶಾಖದಲ್ಲಿಯೂ ಮತ್ತೊಂದನ್ನು ಮಂಜಿನಲ್ಲಿಯೂ ಇಟ್ಟರೆ, ಶಾಖದ ಅಂತರವು ಬದಲಾಗದಿರುವಷ್ಟು ಹೊತ್ತೂ ಸ್ಥಿರವಾದ ವಿದ್ಯುದೊತ್ತಡವು ದೊರೆಯುತ್ತದೆ. ಒಂದೇ ದಪ್ಪದ, 2 ಅಂಗುಲದಿಂದ 130 ಅಂಗುಲದವರೆಗೆ ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ಪ್ರವಾಹವು ಕಾಂತಸೂಚಿಯನ್ನು ಎಷ್ಟು ತಿರುಗಿಸುತ್ತದೆಂಬುದನ್ನು ಅವನು ಗುರುತುಹಾಕಿಕೊಂಡನು. ತಂತಿ ಉದ್ದವಾದಷ್ಟೂ ಪ್ರವಾಹವು ಒಂದು ಕ್ರಮದಿಂದ ಕಡಿಮೆಯಾಗುತ್ತಿತ್ತು. ಒತ್ತಡವನ್ನು ಹೆಚ್ಚಿಸಿದಷ್ಟೂ ಅದೇ ಕ್ರಮದಿಂದ ಹೆಚ್ಚುತ್ತಿತ್ತು.

1827ರಲ್ಲಿ ಬರ್ಲಿನ್ನಿನಲ್ಲಿ ಅಚ್ಚಾದ ಅವನ ಗ್ರಂಥಕ್ಕೆ ಸ್ವದೇಶದಲ್ಲಿ ಆದರವು ದೊರೆಯಲಿಲ್ಲ. ಅವನು ಕೊಲೋನಿನ ಕೆಲಸವನ್ನು ಬಿಟ್ಟು, ಹಲವು ವರ್ಷಗಳ ತೊಂದರೆಯ ತರುವಾಯ 1833ರಲ್ಲಿ ನ್ಯೂರೆಂಬರ್ಗಿನ ಶಿಲ್ಪಶಾಲೆಯಲ್ಲಿ ನೆಲೆಕಂಡನು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಕಾಪ್ಲಿ ಪದಕವನ್ನಿತ್ತು ಗೌರವಿಸಿದ ಮೇಲೆ ಅವನ ಬೆಲೆಯು ಅವನ ನಾಡಿನವರಿಗೂ ಗೋಚರಿಸಿತು. ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಪದವಿಯು ಕೈಸೇರಿದುದು 1852ರಲ್ಲಿ. ಅವನು ತೀರಿಕೊಂಡುದು 1854ರಲ್ಲಿ. 1881ರಲ್ಲಿ ಪ್ಯಾರಿಸ್ಸಿನಲ್ಲಿ ನೆರೆದ ವಿದ್ಯುಚ್ಛಾಸ್ತ್ರಜ್ಞರ ಸಮ್ಮೇಳನವು ರೋಧದ ಅಳತೆಗೆ ಓಮ್ ಎಂದೂ, ಒತ್ತಡಕ್ಕೆ ವೋಲ್ಟ್ ಎಂದೂ, ಪ್ರವಾಹಕ್ಕೆ ಆಂಪಿಯರ್ ಎಂದೂ ಹೆಸರುಗಳನ್ನು ಸ್ಥಿರಪಡಿಸಿತು.

ನಿಯಮವಿಷ್ಟೆ: ಒತ್ತಡವನ್ನು ರೋಧದಿಂದ ಭಾಗಿಸಿದರೆ ಪ್ರವಾಹವು ಬರುತ್ತದೆ. ಮನೆಗಳಿಗೆ ಬರುವ ಒತ್ತಡವು 230 ವೋಲ್ಟ್. ವಿದ್ಯುತ್ ಒಲೆಯೊಂದರ ಸುರುಳಿಯ ರೋಧವು 53 ಓಮ್ ಎಂದಿಟ್ಟುಕೊಂಡರೆ, 230ನ್ನು 53ರಿಂದ ಭಾಗಿಸಿದಾಗ ಪ್ರವಾಹವು ಸುಮಾರು 4.3 ಆಂಪಿಯರ್. ಒತ್ತಡ ಪ್ರವಾಹಗಳನ್ನು ಗುಣಿಸಿದರೆ ಒಲೆಯ ಶಕ್ತಿಯು ಸುಮಾರು 1,000 ವಾಟ್. ಹಿಂದೆ ಮನೆಮನೆಯಲ್ಲಿ ಉರಿಯುತ್ತಿದ್ದ 60 ವಾಟಿನ ಬಲ್ಬಿನ ಕಾದ ತಂತುವಿಗೆ ಸುಮಾರು 880 ಓಮ್ ರೋಧವಿರುತ್ತಿತ್ತು. ಅದರಲ್ಲಿ ಹರಿದುದು ಕಾಲು ಆಂಪಿಯರಿಗಿಂತ ಸ್ವಲ್ಪ ಹೆಚ್ಚು. ಒತ್ತಡವು ಐದರಲ್ಲೊಂದು ಪಾಲು ಕುಗ್ಗಿ 184 ವೋಲ್ಟಿಗೆ ಇಳಿದರೆ ಅದೇ ಒಲೆಯಲ್ಲಿ ಹರಿಯುವುದು ಸುಮಾರು 3.5 ಆಂಪಿಯರ್, ದೊರೆಯುವ ಕಾವು 640 ವಾಟಿನಷ್ಟು. ಒತ್ತಡವೂ ಪ್ರವಾಹವೂ ಎರಡೂ ಕುಗ್ಗುವುದರಿಂದ, ಐದರಲ್ಲೊಂದು ಪಾಲಿನ ಕೊರತೆಯು ಕಾವಿನಲ್ಲಿ ಮೂರರಲ್ಲೊಂದು ಪಾಲಿಗೂ ಮಿಗಿಲಾದ ಕೊರತೆಯಾಗುತ್ತದೆ. ಸಂಜೆಯ ಹೊತ್ತು ದೀಪಗಳು ಕೆಂಪಡರುತ್ತಿದ್ದುದಕ್ಕೆ ಇದೇ ಕಾರಣ.

ಒಂದು ದೀಪದ ಹಿಂದೆ ಮತ್ತೊಂದು ಅಂಥದೇ ದೀಪವನ್ನು ಒಂದೇ ದಾರಿಯಲ್ಲಿ ಕಟ್ಟಿದರೆ ರೋಧಗಳು ಕೂಡಿಕೊಂಡು, ಒತ್ತಡವು ಇಬ್ಭಾಗವಾಗಿ, ಎರಡೂ ಮಂಕಾಗುತ್ತವೆ. ಒಂದು ಕೆಟ್ಟರೆ ಎರಡೂ ಆರುತ್ತವೆ. ಪಕ್ಕಪಕ್ಕದಲ್ಲಿ ಬೇರೆ ಬೇರೆ ದಾರಿಗಳಲ್ಲಿ ಕಟ್ಟಿದರೆ ಎರಡಕ್ಕೂ ಪೂರ್ಣವಾದ ಒತ್ತಡವು ದೊರೆತು, ಪ್ರವಾಹಗಳು ಮಾತ್ರ ಮೂಲದಲ್ಲಿ ಕೂಡಿಕೊಳ್ಳುತ್ತವೆ. ಮನೆಗಳ ದೀಪಗಳನ್ನೆಲ್ಲ ಎರಡನೆಯ ಬಗೆಯಲ್ಲಿ ಜೋಡಿಸುವುದು ಇದಕ್ಕಾಗಿಯೇ. ನೀರಿನ ಹೋಲಿಕೆಯು ಒಂದೆಡೆಯಲ್ಲಿ ಸೋಲುವುದೆಂಬುದನ್ನೂ ಇಲ್ಲಿಯೇ ಹೇಳಬೇಕು. ಕಾಲುವೆ ಒಡೆದರೆ ನೀರು ಹೊರಚೆಲ್ಲುತ್ತದೆ. ತಂತಿ ಕಡಿದರೆ ಆ ದಾರಿಯ ಪ್ರವಾಹವೇ ನಿಂತುಹೋಗುತ್ತದೆ. ವಿದ್ಯುತ್ತಿಗೆ ಹೋಗುವ ದಾರಿಯಂತೆ ಮರಳುವ ದಾರಿಯೂ ಬೇಕು. ಆದರೆ ಕಡಿದ ತಂತಿಯನ್ನು ನೆಲದ ಮೇಲೆ ನಿಂತವನು ಮುಟ್ಟಿದರೆ, ಆ ಮರಳುವ ದಾರಿಯನ್ನು ಅವನ ಮೈಯೇ ಒದಗಿಸಿಕೊಡುತ್ತದೆ. ನೆನೆದ ಮೈಯ ರೋಧವು 1,000 ಓಮಿನಷ್ಟಕ್ಕೆ ಇಳಿಯಬಹುದು. ಆಗ ಹರಿಯುವುದು 0.23 ಆಂಪಿಯರ್. ಅರವತ್ತು ವಾಟಿನ ದೀಪವೊಂದು ಉರಿಯುವುದಕ್ಕೂ ಸಾಲದಷ್ಟು ಅಲ್ಪವಾದ ಈ ಪ್ರವಾಹವು ಮನುಷ್ಯನ ಹೃದಯವನ್ನು ನಿಲ್ಲಿಸುವುದಕ್ಕೆ ಬೇಕಾದುದಕ್ಕಿಂತ ಹೆಚ್ಚು. ಒದ್ದೆ ಕೈಯಲ್ಲಿ ಗುಂಡಿಯನ್ನು ಒತ್ತಬಾರದೆಂಬ ಹಿರಿಯರ ಎಚ್ಚರಿಕೆಯ ಹಿಂದಿರುವುದು ಇದೇ ಭಾಗಾಕಾರ.

ಮೈಸೂರು ಸಂಸ್ಥಾನದಲ್ಲಿ ಈ ನಿಯಮವು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಬಂದುದು ಶಿವನಸಮುದ್ರದಲ್ಲಿ. ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗೆ ಶಕ್ತಿಯು ಬೇಕಾಗಿತ್ತು. ಶಕ್ತಿಯಿದ್ದುದು ಕಾವೇರಿಯ ಜಲಪಾತದಲ್ಲಿ. ಎರಡಕ್ಕೂ ನಡುವೆ ತಂತಿಯ ದಾರಿಯು ಸುಮಾರು 92 ಮೈಲಿ. ಸಂಸ್ಥಾನದ ಇಂಜನಿಯರಾಗಿದ್ದ ಜೋಲಿ ಡಿ ಲಾಟ್‌ಬಿನಿಯೆರ್ ಎಂಬವರ ಯೋಜನೆಯನ್ನು ದಿವಾನ್ ಶೇಷಾದ್ರಿ ಅಯ್ಯರ್‌ರವರು ಕೈಹಿಡಿದು ನಡೆಯಿಸಿದರು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ವಿದ್ಯುದ್ಯಂತ್ರಗಳೂ ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪೆನಿಯ ಜಲಚಕ್ರಗಳೂ ಬಂದವು. 1901ರ ಸೆಪ್ಟೆಂಬರಿನಲ್ಲಿ ಶೇಷಾದ್ರಿ ಅಯ್ಯರ್‌ರವರು ಕಾಲವಾದರು. 1902ರ ಜೂನ್ ತಿಂಗಳ ಕೊನೆಯಲ್ಲಿ ಶಕ್ತಿಯು ಗಣಿಗಳನ್ನು ಮುಟ್ಟಿತು. ಲೋಕದಲ್ಲಿ ಆಗ ಇದ್ದ ಅತಿ ದೀರ್ಘವಾದ ತಂತಿಮಾರ್ಗಗಳಲ್ಲಿ ಇದೂ ಒಂದಾಗಿದ್ದಿತು.

ಅಷ್ಟು ದೂರ ಶಕ್ತಿಯನ್ನು ಒಯ್ದ ಬಗೆಯೇನು? ಯಂತ್ರಗಳಿಂದ ಹೊರಡುತ್ತಿದ್ದ ಒತ್ತಡವು ಸುಮಾರು 2,200 ವೋಲ್ಟ್. ಸಾಗಿಸಬೇಕಾಗಿದ್ದುದು ಮೊದಲಿಗೆ ಸುಮಾರು 4,000 ಅಶ್ವಶಕ್ತಿ, ಎಂದರೆ ಹೆಚ್ಚುಕಡಿಮೆ 30 ಲಕ್ಷ ವಾಟ್. ಲೆಕ್ಕದ ಸೌಲಭ್ಯಕ್ಕಾಗಿ ಎರಡೇ ತಂತಿಗಳ ಸರಳವಾದ ಮಾರ್ಗವೆಂದು ಭಾವಿಸಿದರೆ, 2,200 ವೋಲ್ಟಿನಲ್ಲಿ ಅದಕ್ಕೆ ಬೇಕಾಗುವ ಪ್ರವಾಹವು 1,360 ಆಂಪಿಯರಿಗೂ ಹೆಚ್ಚು. ಅದೇ ಶಕ್ತಿಯನ್ನು ಪರಿವರ್ತಕಗಳ ಮೂಲಕ 35,000 ವೋಲ್ಟಿಗೆ ಏರಿಸಿದರೆ ಪ್ರವಾಹವು ಸುಮಾರು 86 ಆಂಪಿಯರಿಗೆ ಇಳಿಯುತ್ತದೆ. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿಯು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟೆಂದು ಜೂಲ್ ಎಂಬವನು 1841ರಲ್ಲಿ ತೋರಿಸಿಕೊಟ್ಟಿದ್ದನು. ಪ್ರವಾಹವು ಹದಿನಾರರಲ್ಲಿ ಒಂದು ಪಾಲಾದುದರಿಂದ, ಅದೇ ತಂತಿಯಲ್ಲಿ ನಷ್ಟವು ಸುಮಾರು 250ರಲ್ಲಿ ಒಂದು ಪಾಲಾಗುತ್ತದೆ. ನಿಜವಾದ ಮಾರ್ಗವು ಮೂರು ತಂತಿಗಳ ಪರ್ಯಾಯಪ್ರವಾಹದ್ದಾದುದರಿಂದ ಅಂಕಿಗಳು ಸ್ವಲ್ಪ ಬೇರೆಯಾಗುವುವು, ಪ್ರಮಾಣವು ಬೇರೆಯಾಗದು. ಶಿವನಸಮುದ್ರದ ಶಕ್ತಿಯು ಕೋಲಾರವನ್ನು ತಲಪಿದುದಕ್ಕೆ ಧನವೂ ಧೈರ್ಯವೂ ಬೇಕಾಗಿದ್ದವು. ಆದರೆ ಅವೆರಡಕ್ಕೂ ಮೊದಲು ಈ ಗಣಿತವು ಬೇಕಾಗಿದ್ದಿತು.

ಬೆಳಕು ಹಬ್ಬಿದ ಕ್ರಮವೂ ಇದರಿಂದಲೇ ಅರ್ಥವಾಗುತ್ತದೆ. ಗಣಿಗಳ ತರುವಾಯ 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೂ, 1908ರಲ್ಲಿ ಮೈಸೂರಿಗೂ ವಿದ್ಯುದ್ದೀಪಗಳು ಬಂದವು. ಮಾರ್ಗದ ತಾಮ್ರಕ್ಕೂ ಕಂಬಕ್ಕೂ ಪರಿವರ್ತಕಕ್ಕೂ ತಗುಲುವ ವೆಚ್ಚವು ದೂರಕ್ಕೆ ತಕ್ಕಂತೆ ಏರುತ್ತದೆ; ಆ ವೆಚ್ಚವನ್ನು ಹೊರುವಷ್ಟು ಶಕ್ತಿಯನ್ನು ಕೊಳ್ಳುವವರು ಮಾರ್ಗದ ತುದಿಯಲ್ಲಿರಬೇಕು. ಚಿನ್ನದ ಗಣಿಯು ಕೊಳ್ಳಬಲ್ಲುದು, ರಾಜಧಾನಿಯು ಕೊಳ್ಳಬಲ್ಲುದು, ಹತ್ತಾರು ಮನೆಗಳ ಹಳ್ಳಿಯು ಏನನ್ನು ಕೊಂಡೀತು? ಶಿಂಷಾಪುರದಲ್ಲಿ 1940ರಲ್ಲಿಯೂ ಜೋಗದಲ್ಲಿ 1948ರ ಸುಮಾರಿಗೂ ಹೊಸ ವಿದ್ಯುದಾಗಾರಗಳು ತಲೆಯೆತ್ತಿದವು. 1960ರ ದಶಕದಲ್ಲಿ ಶರಾವತಿಯ ಮಹಾಯೋಜನೆಯು ಕೈಗೂಡಿತು. ಗುಬ್ಬಿಯ ತೆಂಗಿನ ತೋಟಗಳ ನಡುವಣ, ಕುಣಿಗಲಿನ ಹೊಲಗಳ ನಡುವಣ ಹಳ್ಳಿಗಳು ನಾಡಿನ ತಂತಿಜಾಲದ ಸಣ್ಣ ಕವಲುಗಳಾಗಿ ಒಂದೊಂದಾಗಿ ಸೇರಿದವು. ಬೆಳಕು ತಡವಾಗಿ ಬಂದುದು ಒಂದು ಸಂಗತಿ. ಬಂದ ಮೇಲೆಯೂ ಕವಲಿನ ತುದಿಯಲ್ಲಿ ಅದು ಕ್ಷೀಣವಾಗಿದ್ದುದು ಇನ್ನೊಂದು ಸಂಗತಿ.

ತುಮಕೂರು ಸೀಮೆಯಲ್ಲಿ ಮಳೆ ಅಲ್ಪ; ತೆಂಗು ಅಡಕೆಗಳ ತೋಟಗಳು ಬಾವಿಯ ನೀರನ್ನು ನಂಬಿದವು. ಕಪಿಲೆಯ ಕಾಲವು ಮುಗಿದು, ಕೊಳವೆಬಾವಿಯೂ ಪಂಪುಸೆಟ್ಟೂ ಬಂದ ಮೇಲೆ ಓಮನ ನಿಯಮವು ರೈತನ ಹೊಲಕ್ಕೇ ಬಂದು ನಿಂತಿತು. ಕಂಬದಿಂದ ಬಾವಿಯವರೆಗೆ 100 ಮೀಟರ್ ದೂರವೆಂದು ಇಟ್ಟುಕೊಳ್ಳೋಣ. ಹೋಗುವ ಬರುವ ತಂತಿಗಳೆರಡೂ ಸೇರಿ 200 ಮೀಟರ್. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಆ ಉದ್ದದಲ್ಲಿ ಸುಮಾರು 3.4 ಓಮ್ ರೋಧವಿರುತ್ತದೆ. ಯಂತ್ರವು 10 ಆಂಪಿಯರ್ ಎಳೆದರೆ ದಾರಿಯಲ್ಲಿಯೇ 34 ವೋಲ್ಟ್ ಕಳೆದುಹೋಗಿ, 230ರಲ್ಲಿ ಬಾವಿಯನ್ನು ಮುಟ್ಟುವುದು 196 ಮಾತ್ರ. ನಾಲ್ಕು ಚದರ ಮಿಲಿಮೀಟರಿನ ತಂತಿಯನ್ನು ಹಾಕಿದ್ದರೆ ಕಳೆಯುತ್ತಿದ್ದುದು 9 ವೋಲ್ಟಿಗಿಂತ ಕಡಿಮೆ. ತೆಳ್ಳನೆಯ ತಂತಿಯನ್ನು ಕೊಂಡು ಉಳಿಸಿದ ಹಣವು, ತಂತಿಯನ್ನೇ ಕಾಯಿಸುತ್ತ, ದಿನದಿನವೂ ಬೆಂಕಿಯಲ್ಲಿ ಬೇಯುತ್ತಿರುತ್ತದೆ.

ಇಷ್ಟಕ್ಕೇ ಕಷ್ಟವು ಮುಗಿಯದು. ಓಮನ ಸರಳವಾದ ಭಾಗಾಕಾರವು ಒಲೆಗೂ ದೀಪಕ್ಕೂ ಒಪ್ಪುವಂತೆ ತಿರುಗುವ ಮೋಟಾರಿಗೆ ನೇರವಾಗಿ ಒಪ್ಪುವುದಿಲ್ಲ. ಒತ್ತಡವು ಕುಗ್ಗಿದಾಗ ಒಲೆಯು ಕಡಿಮೆ ಪ್ರವಾಹವನ್ನು ಎಳೆದು ಸುಮ್ಮನಾಗುತ್ತದೆ. ಮೋಟಾರಾದರೋ, ಅಷ್ಟೇ ಆಳದಿಂದ ಅಷ್ಟೇ ನೀರನ್ನು ಎತ್ತಬೇಕಾಗಿರುವುದರಿಂದ, ಒತ್ತಡದ ಕೊರತೆಯನ್ನು ಹೆಚ್ಚಿನ ಪ್ರವಾಹದಿಂದ ತುಂಬಿಕೊಳ್ಳಲು ಹವಣಿಸುತ್ತದೆ. ಆ ಹೆಚ್ಚಿನ ಪ್ರವಾಹವು ದಾರಿಯ ತಂತಿಯಲ್ಲಿ ಮತ್ತಷ್ಟು ಒತ್ತಡವನ್ನು ನುಂಗುತ್ತದೆ. ಹಳ್ಳಿಗರು ಟೀಸಿ ಎಂದು ಕರೆಯುವ ಪರಿವರ್ತಕವೊಂದರ ಕೆಳಗೆ ಶಕ್ತಿಗೆ ಮೀರಿ ಪಂಪುಗಳು ಒಮ್ಮೆಗೇ ಚಾಲೂ ಆದಾಗ, ಮಾರ್ಗದ ತುದಿಯವನ ಮೋಟಾರಿನ ಸುರುಳಿಯು ಕಾದು, ಅದರ ಹೊದಿಕೆಯು ಕರಗಿ, ಸುಟ್ಟುಹೋಗುವುದು ಈ ಪ್ರಕಾರವಾಗಿ. ಹೇಮಾವತಿಯ ನಾಲೆಯ ಕೊನೆಯ ಭಾಗದಲ್ಲಿರುವ ಕುಣಿಗಲ್ ಸೀಮೆಯವರಿಗೆ, ಮೇಲಿನವರ ಮಡೆಗಳು ತೆರೆದಿರುವಾಗ ಕೊನೆಯವನ ಪಾಡೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂತಿಯಲ್ಲಿಯೂ ಕೊನೆಯವನ ಪಾಡು ಅದೇ. ಆದರೆ ನೀರಿನ ಕೊರತೆಯು ಕಣ್ಣಿಗೆ ಕಾಣುತ್ತದೆ, ಒತ್ತಡದ ಕೊರತೆಯು ಕಾಣುವುದಿಲ್ಲ. ಕಾಣದ ಕೊರತೆಯನ್ನು ಕಾಣುವಂತೆ ಮಾಡತಕ್ಕುದು ಲೆಕ್ಕವೊಂದೇ. ಆ ಲೆಕ್ಕವನ್ನು ಬಲ್ಲವನು ದಪ್ಪ ತಂತಿಯನ್ನು ಕೇಳಿ ಹಾಕಿಸಿಕೊಳ್ಳುತ್ತಾನೆ, ಇನ್ನೊಂದು ಪರಿವರ್ತಕಕ್ಕಾಗಿ ಕಾರಣಸಹಿತವಾದ ಅರ್ಜಿಯನ್ನು ಬರೆಯುತ್ತಾನೆ. ಅರಿಯದವನು ಸುರುಳಿ ಕಟ್ಟಿಸುವ ಕೂಲಿಯನ್ನು ತೆರುತ್ತ, ತನ್ನ ಗ್ರಹಚಾರವನ್ನು ಹಳಿದುಕೊಳ್ಳುತ್ತಾನೆ.

ಇಂಥ ಲೆಕ್ಕವು ಜನರ ಭಾಷೆಯಲ್ಲಿ ಜನರಿಗೆ ದೊರೆಯಬೇಕೆಂದು ಮೊದಲು ದುಡಿದವರಲ್ಲಿ ಒಬ್ಬರು ಇದೇ ಸೀಮೆಯವರು. ತುಮಕೂರು ತಾಲ್ಲೂಕಿನ ಬೆಳ್ಳಾವೆಯ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. ಕಾಲೇಜಿನ ಬೋಧನೆಯು ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದ ಆ ದಿನಗಳಲ್ಲಿ, 1918ರಲ್ಲಿ, ಅವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಕೂಡಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವನಸಮುದ್ರದ ಶಕ್ತಿಯು ಬೆಂಗಳೂರಿಗೆ ಬಂದು ಆಗ್ಗೆ ಹದಿಮೂರು ವರ್ಷಗಳಾಗಿದ್ದವು. ಬೀದಿಯಲ್ಲಿ ದೀಪವು ಉರಿಯುತ್ತಿದ್ದಿತು, ಆದರೆ ಅದು ಉರಿಯುವ ಬಗೆಯನ್ನು ಕನ್ನಡದಲ್ಲಿ ಹೇಳಲು ಬೇಕಾದ ಮಾತುಗಳು ಇನ್ನೂ ಮೂಡುತ್ತಲಿದ್ದವು. ಪತ್ರಿಕೆಯು ಎರಡು ವರ್ಷ ಮಾತ್ರ ನಡೆಯಿತು. ಮುಂದೆ 1931ರಲ್ಲಿ ಸಾಹಿತ್ಯ ಪರಿಷತ್ತಿನಿಂದ ಪಂಪಭಾರತದ ಪರಿಷ್ಕೃತವಾದ ಮುದ್ರಣವು ಹೊರಬಂದಾಗ ಆ ಕಾರ್ಯದ ಭಾರವನ್ನು ಹೊತ್ತವರಲ್ಲಿ ಇವರು ಮುಖ್ಯರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನೂ ವಹಿಸಿದರು. ಹತ್ತನೆಯ ಶತಮಾನದ ಮಹಾಕಾವ್ಯವನ್ನೂ ಇಪ್ಪತ್ತನೆಯ ಶತಮಾನದ ಭೌತಶಾಸ್ತ್ರವನ್ನೂ ಒಂದೇ ನುಡಿಯ ಸೊತ್ತೆಂದು ಭಾವಿಸಿದ ಆ ದೃಷ್ಟಿಯು ದೊಡ್ಡದು. ಪ್ರವಾಹ, ಒತ್ತಡ, ರೋಧ ಎಂಬ ಶಬ್ದಗಳು ಇಂದು ಗುಬ್ಬಿಯ ಶಾಲೆಯ ಬಾಲಕಿಯ ಬಾಯಲ್ಲಿ ಸಹಜವಾಗಿ ಬರುತ್ತಿದ್ದರೆ, ಅದಕ್ಕೆ ಇಂಥವರು ಹಾಕಿಕೊಟ್ಟ ದಾರಿಯೇ ಕಾರಣವೆನ್ನಬೇಕು.

ಶತಮಾನವೊಂದು ಕಳೆಯುವಷ್ಟರಲ್ಲಿ ಶಕ್ತಿಯ ದಿಕ್ಕು ಬದಲಾಯಿತು. ಜಿಲ್ಲೆಯ ಉತ್ತರದ ತುದಿಯಲ್ಲಿರುವ, ಬರಕ್ಕೆ ಹೆಸರಾದ ಪಾವಗಡ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ಕ್ರಯಕ್ಕೆ ಕೊಳ್ಳದೆ ರೈತರಿಂದ ಗೇಣಿಗೆ ಪಡೆದು, 2018ರಲ್ಲಿ ಸೌರವಿದ್ಯುತ್ತಿನ ಕ್ಷೇತ್ರವನ್ನು ಆರಂಭಿಸಲಾಯಿತು. 2019ರ ಕೊನೆಯ ಹೊತ್ತಿಗೆ ಅದರ ಸಾಮರ್ಥ್ಯವು 2,050 ಮೆಗಾವಾಟಿಗೆ ಏರಿತು. ಶಿವನಸಮುದ್ರದ ಮೊದಲ ಯಂತ್ರಗಳೆಲ್ಲವೂ ಕೂಡಿ ಕೊಡುತ್ತಿದ್ದುದು ನಾಲ್ಕೂವರೆ ಮೆಗಾವಾಟಿಗಿಂತಲೂ ಕಡಿಮೆಯೆಂಬುದನ್ನು ನೆನೆದರೆ ಈ ಅಂಕಿಯ ಗಾತ್ರವು ತಿಳಿದೀತು. ಆದರೂ ಅಲ್ಲಿ ನಡೆಯುವುದು ಹಳೆಯ ಲೆಕ್ಕವೇ. ಸೌರಫಲಕದ ಒಂದೊಂದು ಬಿಲ್ಲೆಯು ಕೊಡುವ ಒತ್ತಡವು ಅರ್ಧ ವೋಲ್ಟಿನಷ್ಟು. ಬಿಲ್ಲೆಗಳನ್ನು ಒಂದರ ಹಿಂದೊಂದಾಗಿ ಕಟ್ಟಿ ಒತ್ತಡವನ್ನು ಕೂಡಿಸುತ್ತಾರೆ: 72 ಬಿಲ್ಲೆಗಳ ಫಲಕಕ್ಕೆ ಸುಮಾರು 36 ವೋಲ್ಟ್. ಅಂಥ ಫಲಕಗಳ ಸಾಲುಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿ ಪ್ರವಾಹವನ್ನು ಕೂಡಿಸುತ್ತಾರೆ. ಬಳಿಕ ಆ ನೇರಪ್ರವಾಹವನ್ನು ಪರ್ಯಾಯಪ್ರವಾಹವನ್ನಾಗಿ ಮಾಡಿ, ಹಂತಹಂತವಾಗಿ ಏರಿಸಿ, ನಾಲ್ಕು ಲಕ್ಷ ವೋಲ್ಟಿನ ಮಾರ್ಗಗಳಲ್ಲಿ ಹೊರನಾಡಿಗೆ ಕಳುಹಿಸುತ್ತಾರೆ. 35,000ಕ್ಕೆ ಬದಲಾಗಿ 4,00,000; ಕಾರಣವು ಮಾತ್ರ 1902ರದೇ. ಬೆಂಗಳೂರಿನಿಂದ ತುಮಕೂರು ಗುಬ್ಬಿಗಳ ಮೇಲೆ ಹಾಯುವ ರೈಲುದಾರಿಯಲ್ಲಿ 1880ರ ದಶಕದಿಂದ ಕಲ್ಲಿದ್ದಲಿನ ಹೊಗೆಯಿದ್ದಿತು. ಇಂದು ಆ ಹಳಿಗಳ ಮೇಲಣ ತಂತಿಯಲ್ಲಿರುವುದು 25,000 ವೋಲ್ಟ್. ಅದೂ ಅದೇ ಕಾರಣದಿಂದ.

ನಾಡಿಗೆ ಬೆಳಕನ್ನು ಕಳುಹಿಸುವ ಜಿಲ್ಲೆಯಾಗಿಯೂ, ತೋಟದ ತುದಿಯ ಬಾವಿಯಲ್ಲಿ ಒತ್ತಡವಿಲ್ಲವೆಂದು ಕೊರಗುವ ಜಿಲ್ಲೆಯಾಗಿಯೂ ತುಮಕೂರು ಒಂದೇ ಕಾಲದಲ್ಲಿ ಇರುವುದು ವಿಚಿತ್ರವೆಂದು ತೋರಬಹುದು. ಓಮನ ನಿಯಮವನ್ನು ಬಲ್ಲವರಿಗೆ ಇದು ವಿಚಿತ್ರವಲ್ಲ. ಶಕ್ತಿಯು ಎಲ್ಲಿ ಹುಟ್ಟುತ್ತದೆಂಬುದರಿಂದ ಅದು ಯಾರಿಗೆ ಮುಟ್ಟುತ್ತದೆಂಬುದು ತೀರ್ಮಾನವಾಗುವುದಿಲ್ಲ. ನಡುವಣ ದಾರಿಯ ರೋಧವೆಷ್ಟು, ಆ ದಾರಿಯ ಮೇಲೆ ಹೊರೆಯೆಷ್ಟು ಎಂಬುದರಿಂದ ತೀರ್ಮಾನವಾಗುತ್ತದೆ. ದಾರಿಯನ್ನು ಅಗಲಮಾಡುವುದು ಸರ್ಕಾರದ ಮತ್ತು ಮಂಡಳಿಗಳ ಹೊಣೆ. ದಾರಿಯು ಎಲ್ಲಿ ಇಕ್ಕಟ್ಟಾಗಿದೆಯೆಂದು ಬೊಟ್ಟುಮಾಡಿ ತೋರಿಸುವುದು ಜನರ ಹೊಣೆ. ಒತ್ತಡವನ್ನು ರೋಧದಿಂದ ಭಾಗಿಸುವಷ್ಟು ಗಣಿತವು ಹತ್ತು ಹನ್ನೆರಡು ವರ್ಷದ ಮಕ್ಕಳಿಗೂ ಅಸಾಧ್ಯವಲ್ಲ. ವಿದ್ಯಾವಂತರ ಮನೆಗಳಲ್ಲಿ ತಿಂಗಳ ಬಿಲ್ಲು ಬಂದ ದಿನ ಅದನ್ನು ಮಕ್ಕಳ ಕೈಗೆ ಕೊಟ್ಟು, ಮನೆಯ ಒಲೆ ದೀಪಗಳ ಮೇಲೆ ಬರೆದಿರುವ ವಾಟುಗಳಿಂದ ಪ್ರವಾಹವನ್ನೂ ರೋಧವನ್ನೂ ಕನ್ನಡದಲ್ಲಿಯೇ ಲೆಕ್ಕಹಾಕಿಸಿದರೆ, ಬೆಳ್ಳಾವೆಯವರ ಪತ್ರಿಕೆಯು ಎರಡು ವರ್ಷಕ್ಕೆ ನಿಲ್ಲಿಸಿದ ಕೆಲಸವು ಅಷ್ಟರಮಟ್ಟಿಗೆ ಮುಂದುವರಿದಂತಾಗುವುದು.